ಥೆರಪಿಸ್ಟ್ ಅತ್ತರೆ ಸಮಾಧಾನ ಮಾಡುವುದು ಯಾರ ಕೆಲಸ? ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಇದೇ ವಿಷಯಕ್ಕೆ ನಿಮ್ಮ ಇಲಾಖೆಗೆ ಮೂರು ಅರ್ಜಿ ಹಾಕಿದ್ದೇನೆ. ಮೂರಕ್ಕೂ ಬಂದ ಉತ್ತರ ಒಂದೇ: ‘ಪರಿಶೀಲನೆಯಲ್ಲಿದೆ’. 2 ವರ್ಷದಿಂದ ಪರಿಶೀಲಿಸಿ ಪರಿಶೀಲಿಸಿ ನಿಮ್ಮವರಿಗೂ ಸುಸ್ತಾಗಿರಬೇಕು. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಕೇಳುವುದು ಇಷ್ಟೇ. ಆಪ್ತಸಮಾಲೋಚನೆ, ಥೆರಪಿ ಎಂದು ಬೋರ್ಡ್ ಹಾಕಿಕೊಂಡವರು ನಿಯಮಿತವಾಗಿ ಸೂಪರ್‌ವಿಷನ್, ಅಂದರೆ ತಮ್ಮ ಕೆಲಸದ ಬಗ್ಗೆ ಅನುಭವಸ್ಥ ಥೆರಪಿಸ್ಟರ ಮಾರ್ಗದರ್ಶನ, ಪಡೆಯುತ್ತಿದ್ದಾರೆಯೇ ಎಂದು ನೋಂದಣಿ ನವೀಕರಿಸುವಾಗ ಕೇಳಿ. ಪುರಾವೆ ಇಲ್ಲವೇ? ನವೀಕರಿಸಬೇಡಿ.

ಅಪ್ಪ ತೀರಿಕೊಂಡ ನಾಲ್ಕು ತಿಂಗಳಿಗೆ ನಾನು ಥೆರಪಿಗೆ ಹೋದೆ. ಮೊದಲ ಐದು ಸೆಷನ್ ಚೆನ್ನಾಗಿಯೇ ನಡೆದವು, ಸುಳ್ಳು ಹೇಳಬಾರದು. ಆರನೆಯ ದಿನ, ಅದುವರೆಗೆ ಯಾರಿಗೂ ಹೇಳದ್ದನ್ನು ಹೇಳಿದೆ: ಫೋನ್ ಬಂತೆಂದು ಅಪ್ಪನ ಕೈ ಬಿಡಿಸಿಕೊಂಡು ವಾರ್ಡಿನಿಂದ ಆಚೆ ಹೋದೆ, ವಾಪಸ್ಸು ಬರುವಷ್ಟರಲ್ಲಿ ಮುಗಿದಿತ್ತು. ಥೆರಪಿಸ್ಟ್ ಕಣ್ಣು ತುಂಬಿಕೊಂಡರು. “ನಮ್ಮಪ್ಪ ಹೋದಾಗ ನಾನೂ ಹತ್ತಿರ ಇರಲಿಲ್ಲ” ಎಂದು ಶುರು ಮಾಡಿದವರು ನಲವತ್ತು ನಿಮಿಷ ನಿಲ್ಲಿಸಲಿಲ್ಲ. ಅಣ್ಣನ ಜೊತೆಗಿನ ಆಸ್ತಿ ಜಗಳವೂ ಬಂತು. ನನ್ನ ಮುಂದಿದ್ದ ಟಿಶ್ಯೂ ಡಬ್ಬಿಯನ್ನು ನಾನೇ ಅವರತ್ತ ತಳ್ಳಿದೆ. ಕೊನೆಗೆ “ನಾನು ತಪ್ಪು ಮಾಡಿದೆನಾ, ನೀವೇ ಹೇಳಿ” ಎಂದರು. ಸಮಾಧಾನ ಹೇಳಿ, ಫೀಸೂ ಕಟ್ಟಿ ಬಂದೆ.

ಮುಂದಿನ ವಾರ, ನಿಮಗೆ ಸೂಪರ್‌ವೈಸರ್ ಇದ್ದಾರಾ ಎಂದು ಕೇಳಿದೆ. “ಹದಿನೈದು ವರ್ಷದ ಅನುಭವ ನನಗೆ. ನನ್ನ ಮೇಲೆ ಯಾವ ಮೇಲಧಿಕಾರಿ?” ಎಂದು ನಕ್ಕರು.

ಹಾಜರಿ ನೋಡುವ ಮೇಲಧಿಕಾರಿಯ ಮಾತಲ್ಲ ಇದು, ನಿಮಗೆ ಗೊತ್ತೇ ಇದೆ. ಸೂಪರ್‌ವಿಷನ್ ಎಂದರೆ, ಕ್ಲಯಂಟ್ ಯಾರೆಂದು ಬಿಟ್ಟುಕೊಡದೆ, ಈಕೆಯ ಮಾತಿಗೆ ನನಗೇಕೆ ಸಿಟ್ಟು ಬಂತು, ನನಗೇಕೆ ಅಳು ಬಂತು ಎಂದು ಅನುಭವಸ್ಥರ ಮುಂದೆ ಕೂತು ಬಿಡಿಸಿ ನೋಡುವುದು. ತನ್ನದೇ ಹಳೆಯ ಗಾಯ ಕಂಡರೆ ಅದನ್ನು ತನ್ನ ಥೆರಪಿಗೆ ಒಯ್ಯುವುದು. ಮನೋವಿಶ್ಲೇಷಕರು ಸುಮಾರು ಐದು ವರ್ಷಕ್ಕೊಮ್ಮೆ ನಾಚದೆ ತಾವೇ ಮತ್ತೆ ವಿಶ್ಲೇಷಣೆಗೆ ಒಳಗಾಗಬೇಕೆಂದು ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1937ರಲ್ಲೇ ಬರೆದ. ಬ್ರಿಟನ್ನಿನಲ್ಲಿ ಆಪ್ತಸಮಾಲೋಚಕರ, ಥೆರಪಿಸ್ಟರ ವೃತ್ತಿ ಸಂಘವಾದ ಬಿಎಸಿಪಿಯ ಮಾನ್ಯತೆ ಬೇಕಾದರೆ ತಿಂಗಳಿಗೆ ಕನಿಷ್ಠ 1.5 ಗಂಟೆ ಸೂಪರ್‌ವಿಷನ್ ಆಗಿರಲೇಬೇಕು. ಎಷ್ಟೇ ವರ್ಷದ ಅನುಭವವಿದ್ದರೂ ಅದು ತಪ್ಪುವುದಿಲ್ಲ.

ನನ್ನ ಥೆರಪಿಸ್ಟ್‌ನ ದುಃಖದ ಮೇಲೆ ನನಗೆ ಕೋಪವಿಲ್ಲ. ಅಳಲು ಅವರಿಗೂ ಒಂದು ಕುರ್ಚಿ ಬೇಕಿತ್ತು. ಅದು ನನ್ನದಾಗಬಾರದಿತ್ತು, ಅಷ್ಟೇ. ಅಪ್ಪನ ವಿಷಯವನ್ನು ಅಲ್ಲಿಂದಾಚೆಗೆ ನಾನು ಯಾರ ಮುಂದೆಯೂ ಎತ್ತಿಲ್ಲ. ದೂರು ಕೊಡಲು ಹೋದರೆ ಕಚೇರಿಯಲ್ಲಿ ಕೇಳಿದ್ದು: “ಹೊಡೆದರಾ? ದುಡ್ಡು ತಿಂದರಾ? ಮತ್ತೇನಮ್ಮ ನಿಮ್ಮ ದೂರು?”

ಇದೇ ಸ್ವಾಮಿ ದೂರು. ಸೂಪರ್‌ವಿಷನ್ ಕಡ್ಡಾಯ ಮಾಡಿ. ನವೀಕರಣದ ಫಾರಂನಲ್ಲಿ ಅದಕ್ಕೊಂದು ಕಾಲಂ ಸೇರಿಸಿ. ವಿಳಾಸ ಬರೆಯಲು ನಾಲ್ಕು ಸಾಲು ಬಿಟ್ಟಿದ್ದೀರಿ, ಇದಕ್ಕೆ ಒಂದು ಸಾಲು ಸಿಗದೇ?

ನಾಲ್ಕನೆಯ ಅರ್ಜಿ ಇದರ ಜೊತೆಗಿದೆ. ಮೊಹರು ಒತ್ತುವ ಮೊದಲು ದಯವಿಟ್ಟು ಓದಿ.

ಇಂತಿ,
ಹಿಂದಿನ ಮೂರು ಅರ್ಜಿಗಳ ಅರ್ಜಿದಾರಳು