ಕೈಗಳನ್ನೂ ಫ್ರೇಮಲ್ಲಿ ಇಡಿ

ಮಾನ್ಯ ಸಂಪಾದಕರೇ,

ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಲ್ಲ. ರಾತ್ರಿ ನಾವೆಲ್ಲ ಸೀರಿಯಲ್ ನೋಡ್ತಾ ಕೂತಾಗ ಅವನೂ ಪಕ್ಕದಲ್ಲೇ ಕೂತಿರ್ತಾನೆ, ಮಧ್ಯೆ ಭುಜ ತಟ್ಟಿ ಏನಾಯ್ತು ಅಂತ ಸನ್ನೆ ಮಾಡ್ತಾನೆ, ನಾನು 'ಅತ್ತೆ ಸೊಸೆ ಜಗಳ' ಅಂತಷ್ಟೇ ಹೇಳಿ ಮತ್ತೆ ಟೀವಿ ಕಡೆ ತಿರುಗ್ತೀನಿ. ಹತ್ತು ನಿಮಿಷದ ಮಾತಲ್ಲಿ ಅವನಿಗೆ ಸಿಗೋದು ಅಷ್ಟೇ. ಇದು ನನಗೆ ತುಂಬಾ ಕಾಡುತ್ತೆ.

ಇಂಗ್ಲೆಂಡಲ್ಲಿರೋ ಚಿಕ್ಕಪ್ಪನ ಮನೆಗೆ ಹೋದಾಗ 'ರಿಯೂನಿಯನ್' ಅನ್ನೋ ಸೀರೀಸ್ ನೋಡಿದೆ, 2025ರಲ್ಲಿ ಬಿಬಿಸಿಯಲ್ಲಿ ಬಂದಿದ್ದು, ನಾಲ್ಕೇ ಎಪಿಸೋಡು. ಜೈಲಿಂದ ಹೊರಗೆ ಬಂದ ಅಪ್ಪನ ಪಾತ್ರ ಮಾಡಿದ ಮ್ಯಾಥ್ಯೂ ಗರ್ನಿ ಕಿವುಡರು, ಬರೆದ ವಿಲಿಯಂ ಮೇಜರ್ ಕೂಡ ಕಿವುಡರು, ಮಗಳಾಗಿ ನಟಿಸಿದ ಲಾರಾ ಪೀಕ್‌ಗೆ ಕಿವಿ ಕೇಳುತ್ತೆ. ಸನ್ನೆ ಭಾಷೆ ಮತ್ತೆ ಇಂಗ್ಲಿಷ್ ಎರಡರಲ್ಲೂ ಕತೆ ನಡೆಯುತ್ತೆ. ಅದೇ ವರ್ಷ ಅಲ್ಲಿನ ಐಟಿವಿ ಚಾನೆಲ್‌ನಲ್ಲಿ ಬಂದ 'ಕೋಡ್ ಆಫ್ ಸೈಲೆನ್ಸ್'ನಲ್ಲಿ ರೋಸ್ ಐಲಿಂಗ್ ಎಲ್ಲಿಸ್ ಪೊಲೀಸ್ ಕ್ಯಾಂಟೀನ್ ಕೆಲಸದವಳು, ತುಟಿ ನೋಡಿ ಮಾತು ಹಿಡಿಯೋಳು. ನಿಜ ಜೀವನದಲ್ಲೂ ಅವರು ಕಿವುಡರೇ.

ನಮ್ಮಲ್ಲಿ 1964ರಲ್ಲೇ 'ನಾಂದಿ' ಸಿನಿಮಾ ಬಂತು, ಕಿವಿ ಕೇಳದ ಹೆಂಡತಿಯಾಗಿ ಹರಿಣಿಯವರು ಮಾಡಿದ್ರು, ಆ ಕಾಲಕ್ಕೆ ಅದು ದೊಡ್ಡದೇ. ಆದ್ರೆ ಅರವತ್ತು ವರ್ಷ ದಾಟಿದ ಮೇಲೂ ಅಂಥ ಪಾತ್ರಕ್ಕೆ ಕಿವಿ ಕೇಳೋರನ್ನೇ ಹಾಕಿ ಎರಡು ದಿನದಲ್ಲಿ ನಾಲ್ಕು ಸನ್ನೆ ಕಲಿಸಿದ್ರೆ ಸಾಲದು.

ಇನ್ನೊಂದು, ನಮ್ಮ ಸೀರಿಯಲ್ಲಲ್ಲಿ ಮಾತಿಗೆ ಮಾತಿಗೆ ಎಲ್ಲರ ಮುಖಕ್ಕೂ ಝೂಮ್ ಹೋಗುತ್ತೆ. ಒಬ್ಬರು ಕೈಯಲ್ಲಿ ಮಾತಾಡ್ತಿರುವಾಗ ಕ್ಯಾಮೆರಾ ಅತ್ತೆ ಮುಖಕ್ಕೆ ಓಡಿದ್ರೆ ಅರ್ಧ ಮಾತಿಗೇ ಮ್ಯೂಟ್ ಒತ್ತಿದ ಹಾಗೆ. ಹಾಗಂತ ಬರೀ ಕೈ ತೋರಿಸಿದ್ರೂ ಆಗಲ್ಲ, ನನ್ನ ತಮ್ಮ 'ಊಟ ಆಯ್ತು' ಅನ್ನೋ ಸನ್ನೆ ಹುಬ್ಬು ಏರಿಸಿ ಮಾಡಿದ್ರೆ ನನ್ನನ್ನ ಕೇಳ್ತಿದ್ದಾನೆ ಅಂತ, ಏರಿಸದೇ ಇದ್ರೆ ಅವನದು ಆಗಿದೆ ಅಂತ. ಕೈ, ಮುಖ ಎರಡೂ ಒಂದೇ ಫ್ರೇಮಲ್ಲಿರಬೇಕು, ಬೆಳಕೂ ಬೇಕು, ಕತ್ತಲೆ ಸೀನಲ್ಲಿ ಸನ್ನೆ ಯಾರಿಗೆ ಕಾಣುತ್ತೆ?

ಸೆಟ್ಟಲ್ಲಿ ಕಷ್ಟ ಆಗುತ್ತೆ ಅಂತ ಹೇಳಬೇಡಿ. 'ಆಕ್ಷನ್' ಅಂತ ಕೂಗೋ ಜಾಗದಲ್ಲಿ ಕೈ ಬೀಸಿದ್ರೆ ಆಯ್ತು.

ಕನ್ನಡ ಚಾನೆಲ್‌ನವರು ಕಿವುಡ ಕಲಾವಿದರನ್ನ ಆಡಿಷನ್‌ಗೆ ಕರೀರಿ, ಡೈಲಾಗ್ ಬರೆಯೋವಾಗಲೇ ಅವರನ್ನ ಜೊತೇಲಿ ಕೂರಿಸ್ಕೊಳ್ಳಿ, ಸನ್ನೆ ಭಾಷೆ ಇಂಟರ್‌ಪ್ರಿಟರ್‌ಗೆ ಸರಿಯಾಗಿ ದುಡ್ಡು ಕೊಟ್ಟು ಶೂಟಿಂಗ್ ಮುಗಿಯೋವರೆಗೂ ಇಟ್ಕೊಳ್ಳಿ. ಅಲ್ಲಿವರೆಗೆ ಈಗ ಬರ್ತಿರೋ ಸೀರಿಯಲ್‌ಗಳಿಗೆ ಕನ್ನಡ ಸಬ್‌ಟೈಟಲ್ ಆದ್ರೂ ಹಾಕಿ, ನನ್ನ ತಮ್ಮ ಕನ್ನಡ ಚೆನ್ನಾಗಿ ಓದ್ತಾನೆ.

– ಒಬ್ಬ ಓದುಗಿ, ಮೈಸೂರು