ಶುಕ್ರವಾರ ಸಂಜೆಯ ಆಟ: ಅಪ್ಪ ಅಮ್ಮಂದಿರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಶುಕ್ರವಾರ ಸಂಜೆ 6 ಗಂಟೆಗೆ ಬಿಲ್ಡಿಂಗ್ ಹಿಂದಿನ ಪಾರ್ಕಿನಲ್ಲಿ ಮಕ್ಕಳ ಆಟ ಇದೆ. 2022ರಿಂದ ದುಬೈಯಲ್ಲಿ ಶುಕ್ರವಾರ ಅರ್ಧ ದಿನವೇ ಶಾಲೆ, ಅಲ್ವಾ? ಹೋಂವರ್ಕ್ ನೆಪ ನಡೆಯಲ್ಲ.

"ನಮ್ಮ ಕನ್ನಡದ ಮಕ್ಕಳು ಮಾತ್ರ ಇರಲಿ" ಎಂದು ಒಂದಿಬ್ಬರು ಹೇಳಿದ್ದೀರಿ. ನನಗೆ ಅದು ಬೇಡ ಅನಿಸುತ್ತದೆ. ನಮ್ಮ ಮಕ್ಕಳು ಆಗಲೇ ಲಾಹೋರ್, ಮನಿಲಾ, ಕೈರೋ ಕಡೆಯ ಮಕ್ಕಳ ಜೊತೆ ತಂಡ ಕಟ್ಟಿಕೊಂಡಾಗಿದೆ. ನಮ್ಮನ್ನೇನೂ ಕೇಳಲಿಲ್ಲ! ಪಾಕಿಸ್ತಾನದ ಹುಡುಗರಿಗೆ ಲಗೋರಿ ಹೇಳಿಕೊಡಬೇಕಾಗಿಯೇ ಬರಲಿಲ್ಲ. ಕಲ್ಲು ಪೇರಿಸಿ ಚೆಂಡಿನಿಂದ ಬೀಳಿಸುವ ಆಟ ಅವರ ಕಡೆಯೂ ಇದೆ. ಜಗಳ ಆಗುವುದು ಒಂದೇ ವಿಷಯಕ್ಕೆ: ಚೆಂಡು ಬೆನ್ನಿಗೆ ಬಿದ್ದರೆ ಮಾತ್ರ ಔಟಾ, ಕಾಲಿಗೆ ತಾಗಿದರೂ ಔಟಾ ಅಂತ. ಅದನ್ನು ಅವರೇ ಬಗೆಹರಿಸಿಕೊಳ್ಳಲಿ. ನಾವು ಸುಮ್ನೆ ತಲೆ ಹಾಕುವುದು ಬೇಡ.

ಫಿಲಿಪೈನ್ಸ್ ಮಕ್ಕಳು ಈ ಸಲ ಪಟಿಂಟೆರೊ ಕಲಿಸುತ್ತಾರಂತೆ. ನೆಲದ ಮೇಲೆ ಗೆರೆ ಎಳೆದು ಒಂದು ತಂಡ ಆ ಗೆರೆಗಳ ಮೇಲೇ ಕಾವಲು ನಿಲ್ಲುತ್ತದೆ. ಇನ್ನೊಂದು ತಂಡ ಅವರ ಕೈಗೆ ಸಿಗದೆ ಆ ಕಡೆ ದಾಟಿ ವಾಪಸ್ ಬರಬೇಕು. ಕಬಡ್ಡಿ ಆಡಿದ ನಮ್ಮ ಮಕ್ಕಳಿಗೆ ಬೇಗ ಹಿಡಿತಕ್ಕೆ ಬರಬಹುದು. ಮನೆಯಲ್ಲಿ ಸೀಮೆಸುಣ್ಣ ಇದ್ದವರು ತನ್ನಿ.

ತಿಂಡಿಗೆ ಚುರುಮುರಿ, ಹಣ್ಣು ಸಾಕು. ಚುರುಮುರಿಗೆ ಕಡಲೆಬೀಜ ಹಾಕಬೇಡಿ, ಒಂದು ಮಗುವಿಗೆ ಅಲರ್ಜಿ ಇದೆ. ಖಾರವೂ ಜಾಸ್ತಿ ಬೇಡ. ನೀರಿನ ಬಾಟಲಿ ಮರೆಯದೆ ಕೊಟ್ಟು ಕಳಿಸಿ. ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ಮಕ್ಕಳ ಹೆಸರು ಹಾಕಿ.