ಲ್ಯಾಪ್‌ಟಾಪ್ ಕೊಟ್ರಿ ಸರಿ, ಅದನ್ನ ಇಟ್ಕೊಳ್ಳೋದು ಹೇಗೆ ಅಂತ ಯಾರು ಹೇಳ್ಕೊಡ್ತಾರೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಸರ್ಕಾರ ಬಿಟ್ಟಿ ಲ್ಯಾಪ್‌ಟಾಪ್ ಕೊಟ್ಟು ಹುಡುಗ್ರನ್ನ ಹಾಳು ಮಾಡ್ತಿದೆ, ಅದ್ರಲ್ಲಿ ಅವ್ರು ಬರೀ ಸಿನಿಮಾ ನೋಡ್ತಾರೆ ಗೇಮ್ ಆಡ್ತಾರೆ, ನಮ್ಮ ತೆರಿಗೆ ದುಡ್ಡೆಲ್ಲ ನೀರಲ್ಲಿ ಹೋಮ ಅಂತ ಓದುಗರೊಬ್ರು ಇದೇ ವಿಭಾಗದಲ್ಲಿ ಬರೆದಿದ್ರಲ್ಲ, ಅದಕ್ಕೆ ನಮ್ಮ ಕಡೆಯಿಂದನೂ ಒಂದು ಮಾತು ಬರ್ಲಿ ಅಂತ ಬರೀತಿದೀನಿ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಲ್ಲಿ ಕೊನೇ ವರ್ಷದ ಬಿಕಾಂ. ನಮ್ಮನೇಲಿರೋ ಲ್ಯಾಪ್‌ಟಾಪ್ ನಮ್ಮಕ್ಕಂಗೆ ಬಂದಿದ್ದು, 2020ರ ಶುರುವಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಫಸ್ಟ್ ಇಯರ್‌ನವ್ರಿಗೆ ರಾಜ್ಯದಲ್ಲೆಲ್ಲ ಒಂದು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿದ್ರು ನೋಡಿ, ಆಗ. ಹಂಚಿಕೆ ಶುರುವಾಗಿ ಸ್ವಲ್ಪ ದಿನಕ್ಕೇ ಲಾಕ್‌ಡೌನ್ ಬಂತು, ಅಕ್ಕನ ಡಿಗ್ರಿ ಅರ್ಧಕ್ಕರ್ಧ ಅದರ ಮೇಲೇ ಮುಗೀತು. ಈಗ ಅವಳು ಕೆಲಸಕ್ಕೆ ಹೋಗ್ತಾಳೆ, ಅದು ನನ್ನ ಪಾಲಿಗೆ ಬಂದಿದೆ.

ಸಿನಿಮಾ ನೋಡೋದ್ರ ಬಗ್ಗೆ ಜಾಸ್ತಿ ಹೇಳಲ್ಲ. ನೋಡ್ತೀವಿ. ಭಾನುವಾರ ಅಮ್ಮನೂ ಬಂದು ಕೂತ್ಕೋತಾರೆ. ಅದಕ್ಕೆ ಲ್ಯಾಪ್‌ಟಾಪೇ ಬೇಕು ಅಂತಿಲ್ಲ, ಫೋನಲ್ಲೂ ಆಗುತ್ತೆ, ಆ ಪತ್ರ ಬರೆದೋರ ಮನೇಲೂ ಆಗ್ತಿರುತ್ತೆ. ನನ್ನ ಪ್ರಕಾರ ನಿಜವಾದ ಬೇಜವಾಬ್ದಾರಿ ಬೇರೆ ಕಡೆ ಇದೆ, ಅದು ಯಾರ ಕಣ್ಣಿಗೂ ಬೀಳಲ್ಲ, ಯಾಕಂದ್ರೆ ಅದು ಸ್ಕ್ರೀನ್ ಮೇಲೆ ಕಾಣಲ್ಲ.

ಒಬ್ಬ ಡಿಗ್ರಿ ಸ್ಟೂಡೆಂಟ್ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರ್ ಒಮ್ಮೆ ತೆಗೆದು ನೋಡಿ. ಅಡ್ಮಿಷನ್ನು, ಪರೀಕ್ಷೆ ಫೀಸು ಎಲ್ಲಾ ಯುಯುಸಿಎಂಎಸ್ ಅನ್ನೋ ವಿಶ್ವವಿದ್ಯಾಲಯಗಳ ಪೋರ್ಟಲ್‌ನಲ್ಲಿ, ಸ್ಕಾಲರ್‌ಶಿಪ್ ಎಸ್‌ಎಸ್‌ಪಿ ಅನ್ನೋ ರಾಜ್ಯ ಸರ್ಕಾರದ ಪೋರ್ಟಲ್‌ನಲ್ಲಿ, ಹಂಗಾಗಿ ಆ ಫೋಲ್ಡರಲ್ಲಿ ಜಾತಿ ಆದಾಯ ಪ್ರಮಾಣಪತ್ರ ಅದರ ಮೇಲಿರೋ ಆರ್‌ಡಿ ನಂಬರ್ ಸಮೇತ, ಹತ್ತನೇ ಕ್ಲಾಸು ಪಿಯುಸಿ ಮಾರ್ಕ್ಸ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ, ಅಪ್ಪಂದೂ ಅಮ್ಮಂದೂ ಆಧಾರು, ಎಲ್ಲಾ ಇರುತ್ತೆ. ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತೀರ, ಆ ಪಾಸ್‌ವರ್ಡ್ ಇಂಗ್ಲಿಷಲ್ಲಿ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ, ಅದು ಊರಿಗೆಲ್ಲ ಗೊತ್ತು. ಬ್ರೌಸರಲ್ಲಿ ಎಲ್ಲಾ ಲಾಗಿನ್ನೂ ಸೇವ್ ಆಗಿರುತ್ತೆ. ಇಂಥ ಲ್ಯಾಪ್‌ಟಾಪಿಗೆ ಒಂದು ಪಾಸ್‌ವರ್ಡ್ ಹಾಕಿರಲ್ಲ, ಹಾಕಿದ್ರೆ 1234, ಹಾಸ್ಟೆಲಲ್ಲಿ ರೂಮಿನವ್ರು, ಪಕ್ಕದ ರೂಮಿನವ್ರು, ಅವ್ರ ಫ್ರೆಂಡು, ಯಾರು ಬೇಕಾದ್ರೂ ತಗೊಂಡೋಗಿ ಮಾರನೇ ದಿನ ವಾಪಸ್ ಕೊಡ್ತಾರೆ. ಕೇಳಿದ್ರೆ ಕೊಡಲ್ಲ ಅನ್ನೋಕೆ ನಮ್ಮ ಕಡೆ ಸಂಕೋಚ ಜಾಸ್ತಿ. ಕೊಡ್ಬೇಡಿ ಅಂತ ನಾನೂ ಹೇಳಲ್ಲ, ಇಲ್ಲದವ್ರಿಗೆ ಕೊಡ್ಲೇಬೇಕು, ಆದ್ರೆ ಸೆಟ್ಟಿಂಗ್ಸ್‌ಗೆ ಹೋಗಿ ಅವ್ರಿಗೆ ಅಂತ ಬೇರೆ ಒಂದು ಯೂಸರ್ ಅಕೌಂಟ್ ಮಾಡೋಕೆ ಎಷ್ಟೊತ್ತು ಬೇಕು? ಅವ್ರ ಫೈಲ್ ಅವ್ರಿಗೆ, ನಮ್ಮದು ನಮಗೆ.

ಇನ್ನು ಜೆರಾಕ್ಸ್ ಅಂಗಡಿ. ಅಸೈನ್‌ಮೆಂಟ್ ಪ್ರಿಂಟ್ ಹಾಕ್ಸೋಕೆ ಪೆನ್‌ಡ್ರೈವ್ ತಗೊಂಡು ಹೋಗ್ತೀವಿ, ಆ ಕಂಪ್ಯೂಟರಿಗೆ ದಿನಕ್ಕೆ ಎಷ್ಟು ಜನರ ಪೆನ್‌ಡ್ರೈವ್ ಬಿದ್ದಿರುತ್ತೋ ದೇವ್ರಿಗೇ ಗೊತ್ತು, ವಾಪಸ್ ಬಂದು ಚುಚ್ಚಿದ್ರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿರ್ತವೆ, ಐಕಾನ್ ಮೂಲೇಲಿ ಒಂದು ಸಣ್ಣ ಬಾಣದ ಗುರುತು. ಅದನ್ನ ಡಬಲ್ ಕ್ಲಿಕ್ ಮಾಡಿದ್ರೆ ಫೋಲ್ಡರೂ ತೆರ್ಕೊಳ್ಳುತ್ತೆ, ಜೊತೇಲಿ ವೈರಸ್ಸೂ ಒಳಗೆ ಬರುತ್ತೆ, ಅದಕ್ಕೇ ಯಾರಿಗೂ ಡೌಟೇ ಬರಲ್ಲ. ನಿಜವಾದ ಫೈಲುಗಳು ಎಲ್ಲೂ ಹೋಗಿರಲ್ಲ, ಹಿಡನ್ ಆಗಿರ್ತವೆ ಅಷ್ಟೆ. ಶಾರ್ಟ್‌ಕಟ್ ಮುಟ್ಟದೆ, ಮೊದಲು ವಿಂಡೋಸ್ ಜೊತೆಗೇ ಬರೋ ಡಿಫೆಂಡರ್ ಅನ್ನೋ ಆಂಟಿವೈರಸ್ಸಲ್ಲಿ ಪೆನ್‌ಡ್ರೈವ್ ಸ್ಕ್ಯಾನ್ ಮಾಡಿ, ಆಮೇಲೆ ವ್ಯೂ ಮೆನುವಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿದ್ರೆ ಎಷ್ಟೋ ಸಲ ಮಸುಕಾಗಿ ಕಾಣ್ತವೆ, ಕಾಪಿ ಮಾಡ್ಕೊಳ್ಳಿ. ಪೆನ್‌ಡ್ರೈವೇ ಬೇಡ ಅಂತ ಅಂಗಡಿ ಕಂಪ್ಯೂಟರಲ್ಲಿ ವಾಟ್ಸಾಪ್ ವೆಬ್ ಓಪನ್ ಮಾಡಿ ಲಾಗೌಟ್ ಮಾಡದೆ ಎದ್ದು ಬರೋರೂ ಇದಾರೆ, ಅವ್ರ ಮನೆಮಾತೆಲ್ಲ ಮುಂದಿನ ಗಿರಾಕಿ ಓದ್ಕೋಬೋದು.

ಎಲ್ಲಕ್ಕಿಂತ ದೊಡ್ಡ ಕಾಟ ಕ್ರ್ಯಾಕ್ ಸಾಫ್ಟ್‌ವೇರ್, ಅಂದ್ರೆ ದುಡ್ಡು ಕೊಡದೆ ಬಳಸೋಕೆ ಅಂತ ಲಾಕ್ ಮುರಿದು ಹಂಚೋ ಕಳ್ಳ ಕಾಪಿ. ನಮ್ಮ ಕಾಮರ್ಸ್‌ನವ್ರಿಗೆ ಲೆಕ್ಕಪತ್ರ ಬರೆಯೋ ಟ್ಯಾಲಿ ಸಾಫ್ಟ್‌ವೇರ್ ಬೇಕೇ ಬೇಕು. ಯೂಟ್ಯೂಬಲ್ಲಿ ಯಾರೋ ವಿಡಿಯೋ ಹಾಕಿರ್ತಾನೆ, ಕೆಳಗೆ ಲಿಂಕು, ಇನ್‌ಸ್ಟಾಲ್ ಮಾಡೋ ಮುಂಚೆ ಆಂಟಿವೈರಸ್ ಆಫ್ ಮಾಡಿ ಅಂತ ಅವನೇ ಹೇಳ್ತಾನೆ. ಯೋಚ್ನೆ ಮಾಡಿ, ಮನೆ ಒಳಗೆ ಬರೋನು ಮೊದ್ಲು ನಾಯಿ ಕಟ್ಟಾಕಿ ಬಾಗ್ಲು ತೆಗ್ದಿಡಿ ಅಂದ್ರೆ ತೆಗೀತೀವಾ? ಇಂಥ ಎಷ್ಟೋ ಫೈಲುಗಳು ಬ್ರೌಸರಲ್ಲಿ ಸೇವ್ ಆಗಿರೋ ಪಾಸ್‌ವರ್ಡುಗಳನ್ನ ಗುಟ್ಟಾಗಿ ಬೇರೆ ಕಡೆ ಕಳಿಸೋವೇ. ತಮಾಷೆ ಏನಂದ್ರೆ ಕ್ರ್ಯಾಕಿನ ಅವಶ್ಯಕತೆನೇ ಇಲ್ಲ, ಟ್ಯಾಲಿ ಅವ್ರೇ ಎಜುಕೇಷನಲ್ ಮೋಡ್ ಅಂತ ಫ್ರೀ ಕೊಟ್ಟಿದಾರೆ, ತಿಂಗಳ 1, 2 ಮತ್ತೆ 31ನೇ ತಾರೀಕಿಗೆ ಮಾತ್ರ ವೋಚರ್ ಎಂಟ್ರಿ ಆಗುತ್ತೆ, ಕಲಿಯೋಕೆ ಧಾರಾಳ ಆಯ್ತು. ವರ್ಡು ಎಕ್ಸೆಲ್ಲಿಗೆ ಲಿಬ್ರೆ ಆಫೀಸ್ ಇದೆ, ಅದೂ ಫ್ರೀ. ಇದನ್ನ ಕ್ಲಾಸಲ್ಲಿ ಯಾರಾದ್ರೂ ಒಂದು ಸಲ ಹೇಳಿದ್ರೆ ಸಾಕಿತ್ತು.

ಡೇಟಾ ವಿಷ್ಯಾನೂ ಅಷ್ಟೆ. ನಮ್ಮನೇಲಿ ವೈಫೈ ಇಲ್ಲ, ಫೋನಿನ ಹಾಟ್‌ಸ್ಪಾಟೇ ಗತಿ, ದಿನಕ್ಕೆ ಒಂದೂವರೆ ಜಿಬಿ. ಲ್ಯಾಪ್‌ಟಾಪ್ ಕನೆಕ್ಟ್ ಆಗಿದ್ದೇ ತಡ ವಿಂಡೋಸ್ ಅಪ್ಡೇಟ್ ಅಷ್ಟನ್ನೂ ಕುಡಿದುಬಿಡುತ್ತೆ ಅಂತ ಎಷ್ಟೋ ಜನ ಅಪ್ಡೇಟನ್ನೇ ಪೂರ್ತಿ ಬಂದ್ ಮಾಡ್ಕೊಂಡಿದಾರೆ. ಹಂಗೆ ಮಾಡ್ಬಾರ್ದು. ಲ್ಯಾಪ್‌ಟಾಪಿನ ವೈಫೈ ಸೆಟ್ಟಿಂಗಲ್ಲಿ ಆ ಹಾಟ್‌ಸ್ಪಾಟಿನ ಹೆಸರು ಒತ್ತಿದ್ರೆ ಮೀಟರ್ಡ್ ಕನೆಕ್ಷನ್ ಅಂತಿದೆ, ಆನ್ ಮಾಡಿದ್ರೆ ದೊಡ್ಡ ಡೌನ್‌ಲೋಡು ಬಹುತೇಕ ನಿಲ್ಲುತ್ತೆ, ಆಮೇಲೆ ಕಾಲೇಜು ವೈಫೈ ಸಿಕ್ಕಾಗ ಅಪ್ಡೇಟ್ ಮಾಡ್ಕೋಬೋದು. 2020ರಲ್ಲಿ ಸಿಕ್ಕ ಲ್ಯಾಪ್‌ಟಾಪ್ ಇಟ್ಕೊಂಡಿರೋರು ಇನ್ನೊಂದು ನೋಡ್ಕೋಬೇಕು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಸಪೋರ್ಟನ್ನ, ಅಂದ್ರೆ ಸೆಕ್ಯುರಿಟಿ ಅಪ್ಡೇಟ್ ಕೊಡೋದನ್ನ, 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ನಮ್ಮ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಹೋಗುತ್ತಾ ಇಲ್ವಾ ಅಂತ ಪಿಸಿ ಹೆಲ್ತ್ ಚೆಕ್ ಆ್ಯಪ್ ಹಾಕಿದ್ರೆ ಅದೇ ಹೇಳುತ್ತೆ. ಹೋಗಲ್ಲ ಅಂದ್ರೂ ಲ್ಯಾಪ್‌ಟಾಪನ್ನ ಅಟ್ಟಕ್ಕೆ ಎಸೀಬೇಡಿ, ವಿಂಡೋಸ್ ಬದ್ಲು ಉಬುಂಟು ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಮ್ ಹಾಕಿದ್ರೆ ಓದೋ ಬರೆಯೋ ಕೆಲಸ ಆರಾಮಾಗಿ ನಡೆಯುತ್ತೆ.

ಮಾರೋರ ಬಗ್ಗೆನೂ ಹೇಳ್ಬೇಕು. ಮಾರ್ತಾರೆ, ಸುಳ್ಳಲ್ಲ. ಮನೇಲಿ ಕಷ್ಟ ಬಂದಾಗ ಓಲೆ ಅಡ ಇಡೋ ಜನಕ್ಕೆ ಲ್ಯಾಪ್‌ಟಾಪ್ ಯಾವ ಲೆಕ್ಕ, ಹಾಗಂತ ಓದೋ ಸಾಮಾನು ಮಾರೋದು ಸರಿ ಅಂತಾನೂ ನಾನು ಹೇಳಲ್ಲ, ಅದು ಇನ್ನೊಬ್ಬ ವಿದ್ಯಾರ್ಥಿಗೆ ಸಿಗ್ಬೋದಿತ್ತು. ಆದ್ರೆ ಮಾರಿದ್ರೂ, ತಮ್ಮಂಗೆ ಕೊಟ್ರೂ, ರಿಪೇರಿ ಅಂಗಡೀಲಿ ಬಿಟ್ರೂ, ಫೈಲ್ ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದ ಮಾತ್ರಕ್ಕೆ ಅದು ಹೋಗಲ್ಲ, ಎಷ್ಟೋ ಸಲ ರಿಕವರಿ ಸಾಫ್ಟ್‌ವೇರಲ್ಲಿ ವಾಪಸ್ ತೆಗೀಬೋದು. ಯಂತ್ರವೇ ಕೈ ಬಿಡ್ತಿದ್ರೆ ರೀಸೆಟ್ ದಿಸ್ ಪಿಸಿಗೆ ಹೋಗಿ ರಿಮೂವ್ ಎವೆರಿಥಿಂಗ್ ಕೊಟ್ಟು, ಅಲ್ಲೇ ಚೇಂಜ್ ಸೆಟ್ಟಿಂಗ್ಸ್ ಒಳಗೆ ಕ್ಲೀನ್ ಡೇಟಾ ಅನ್ನೋದನ್ನ ಯೆಸ್ ಮಾಡ್ಬೇಕು. ಗಂಟೆಗಟ್ಲೆ ತಗೊಳ್ಳುತ್ತೆ, ಚಾರ್ಜರ್ ಹಾಕಿ ಬಿಟ್ಬಿಡಿ.

ಅಮೆರಿಕದಲ್ಲಿ ಸ್ಕೂಲು ಕೊಡೋ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಸ್ಕೂಲಿನ ಆಸ್ತಿ, ವಾಪಸ್ ಕೊಡ್ಬೇಕು, ಅವ್ರೇ ಲಾಕು, ಅವ್ರೇ ಕಾವಲು. ಆ ಕಾವಲು ಅತಿಯಾಗಿದ್ದೂ ಉಂಟು, ಪೆನ್ಸಿಲ್ವೇನಿಯಾದ ಲೋವರ್ ಮೆರಿಯನ್ ಅನ್ನೋ ಕಡೆ ಲ್ಯಾಪ್‌ಟಾಪ್ ಕ್ಯಾಮೆರಾದಿಂದ ಮಕ್ಕಳ ಫೋಟೋ ಮನೇಲಿದ್ದಾಗ್ಲೇ ತೆಗೆದಿದ್ರು ಅಂತ 2010ರಲ್ಲಿ ಕೇಸಾಗಿ ಆ ಶಾಲಾ ಜಿಲ್ಲೆಯವ್ರು 6,10,000 ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ರು. ನಮ್ಮಲ್ಲಿ ಪೂರ್ತಿ ಉಲ್ಟಾ, ಕೈಗಿಟ್ಟ ಮೇಲೆ ಹೇಳೋರಿಲ್ಲ ಕೇಳೋರಿಲ್ಲ. ಜವಾಬ್ದಾರಿ ಎಲ್ಲಾ ನಮ್ಮ ತಲೆ ಮೇಲೆ, ಸರಿ, ಹೊರೋಣ, ಆದ್ರೆ ಮನೇಲಿ ಮೊದಲ ಸಲ ಕಂಪ್ಯೂಟರ್ ಮುಟ್ತಿರೋ ಹುಡುಗಿಗೆ ಇದೆಲ್ಲ ತಾನಾಗೇ ಗೊತ್ತಾಗೋದು ಹೇಗೆ? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದ್ಲೂ ಮಕ್ಕಳಿಗೆ ಲ್ಯಾಪ್‌ಟಾಪ್ ಸಿಕ್ಕಿದೆ, ಗಾರೆ ಕೆಲಸದ ಅಪ್ಪ ಇದನ್ನ ಹೇಳ್ಕೊಡ್ತಾನಾ?

ಪಕ್ಕದ ಕೇರಳ ನೋಡಿ. ಅಲ್ಲಿ ಕೈಟ್ ಅಂತ ಸರ್ಕಾರಿ ಸಂಸ್ಥೆ ಇದೆ, ಶಾಲೆಗಳಿಗೆ ಲ್ಯಾಪ್‌ಟಾಪ್ ಕೊಟ್ಟು ಅದರಲ್ಲಿ ಉಬುಂಟು ಆಧಾರದ ತಮ್ಮದೇ ಸಾಫ್ಟ್‌ವೇರ್ ಹಾಕಿರುತ್ತೆ, ಕ್ರ್ಯಾಕ್ ಮಾತೇ ಬರಲ್ಲ. 2018ರಿಂದ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಅಂತ ಮಕ್ಕಳದ್ದೇ ಐಟಿ ಕ್ಲಬ್ ನಡೀತಿದೆ, ಹುಡುಗ್ರೇ ಟ್ರೈನಿಂಗ್ ತಗೊಂಡು ಯಂತ್ರಗಳನ್ನ ನೋಡ್ಕೋತಾರೆ, ಉಳಿದವ್ರಿಗೂ ಹೇಳ್ಕೊಡ್ತಾರೆ. ನಮ್ಮ ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಇದೆ, ರೆಡ್‌ಕ್ರಾಸ್ ಇದೆ, ಇದಕ್ಕೂ ಒಂದು ಘಟಕ ಮಾಡೋಕೆ ಏನು ಖರ್ಚು? ಬಿಸಿಎ ಹುಡುಗ್ರಿಗೆ ವಹಿಸಿದ್ರೆ ಅವ್ರೇ ನಡೆಸ್ತಾರೆ.

ಮುಂದೆ ಯಾವ ಇಲಾಖೆ ಲ್ಯಾಪ್‌ಟಾಪ್ ಹಂಚಿದ್ರೂ ನನ್ನದು ಇಷ್ಟೇ ಕೋರಿಕೆ. ವಿತರಣೆ ಸಮಾರಂಭದಲ್ಲಿ ಹಾರ ಶಾಲು ಭಾಷಣ ಎಲ್ಲಾ ಆಗ್ಲಿ, ಅದಾದ್ಮೇಲೆ ಅದೇ ಹಾಲಲ್ಲಿ ಪ್ರೊಜೆಕ್ಟರ್ ಹಾಕಿ ಎರಡು ಗಂಟೆ ಕೂರಿಸಿ ಕನ್ನಡದಲ್ಲಿ ಪಾಸ್‌ವರ್ಡು, ಬ್ಯಾಕಪ್ಪು, ಅಪ್ಡೇಟು, ಯಾವುದು ಫ್ರೀ ಯಾವುದು ಕ್ರ್ಯಾಕು ಅಂತ ಮಾಡಿಸಿಯೇ ಮನೆಗೆ ಕಳಿಸಿ. ಯಾರಾದ್ರೂ ಆನ್‌ಲೈನಲ್ಲಿ ದುಡ್ಡು ಹೊಡೆದ್ರೆ 1930ಕ್ಕೆ ಫೋನ್ ಮಾಡ್ಬೇಕು ಅನ್ನೋದನ್ನೂ ಹೇಳಿ. ಬಾಕ್ಸಿನ ಮೇಲೆ ವಾರಂಟಿ ಎಷ್ಟು ವರ್ಷ, ಜಿಲ್ಲೆಯಲ್ಲಿ ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ, ಅದಿಲ್ಲದೇ ಇರೋದ್ರಿಂದ್ಲೇ ವಾರಂಟಿ ಇರೋ ಲ್ಯಾಪ್‌ಟಾಪನ್ನೂ ಸಿಕ್ಕ ಅಂಗಡಿಗೆ ಕೊಟ್ಟು ಬಿಚ್ಚಿಸ್ಕೊಂಡು ಬರ್ತಾರೆ.

ಇಂತಿ,
ಅಂತಿಮ ಬಿಕಾಂ ವಿದ್ಯಾರ್ಥಿನಿ, ಚಿತ್ರದುರ್ಗ ಜಿಲ್ಲೆ
(ದಯವಿಟ್ಟು ಹೆಸರು ಹಾಕ್ಬೇಡಿ ಸರ್)